ಆರು ರೆಕಾರ್ಡಿನ ಮೇಡಂ

ಗೋಲಿ ಸೋಡಾದ ಗೋಲಿ ಒಳಗಿಳಿಸಲು ಗಟ್ಟಿ ಗಂಡಸರೂ ಹೆಬ್ಬೆರಳಿನ ಮೇಲೆ ಇನ್ನೊಂದು ಅಂಗೈ ಇಟ್ಟು ಒತ್ತುತ್ತಾರೆ. ನಮ್ಮ ಟೈಪಿಂಗ್ ಮೇಡಂ ಕಿರುಬೆರಳಿನಲ್ಲಿ ಇಳಿಸುತ್ತಿದ್ದರು. ಅದೂ ಎಡಗೈ ಕಿರುಬೆರಳು, ಬಾಟಲಿಯ ಕಡೆ ತಿರುಗಿಯೂ ನೋಡದೆ, ನಮ್ಮನ್ನು ಬೈಯುತ್ತಲೇ. ಹೊಸದಾಗಿ ಸೇರಿದವರು ಬಾಯಿ ತೆರೆದುಕೊಂಡು ನೋಡಿದರೆ ಅವರಿಗೆ ಖುಷಿ. "ಏನ್ ನೋಡ್ತೀಯಲೇ? ಎ ಅಕ್ಷರ ಈ ಬಡಪಾಯಿ ಬೆರಳಿನ ಪಾಲಿಗೆ ಬಂದೈತಿ. ಅದಿಲ್ಲದ ಇಂಗ್ಲಿಷ್ ಎಲ್ಲೈತಿ? ಈ ಬೆರಳು ಸೋತ್ರ ನಿನ್ನ ಪತ್ರಾನೇ ಸೋತಂಗ" ಎನ್ನುತ್ತಿದ್ದರು. ನನ್ನ ಕಿರುಬೆರಳಿನಲ್ಲಿ ಗೋಲಿ ಇವತ್ತಿಗೂ ಇಳಿದಿಲ್ಲ, ಬಿಡಿ.

ಹೊಸಪೇಟೆಯ ಬಜಾರಿನಲ್ಲಿ ಒಂದು ಪಾತ್ರೆ ಅಂಗಡಿ, ಅದರ ಮೇಲಿನ ಮಹಡಿಯಲ್ಲಿ ಮೇಡಂ ಅವರ ಟೈಪಿಂಗ್ ಇನ್‌ಸ್ಟಿಟ್ಯೂಟ್. ಕಿರಿದಾದ ಮೆಟ್ಟಿಲು, ಮೇಲೆ ಉದ್ದನೆಯ ಒಂದೇ ಕೋಣೆ, ಬೀದಿ ಕಡೆಗೆ ಮೂರು ಕಿಟಕಿ, ಗೋಡೆಗುಂಟ ಹನ್ನೆರಡು ಮೆಷಿನ್. ಈಗಿನವರಿಗೆ ಹೇಳಬೇಕು: ಮೆಷಿನ್ ಎಂದರೆ ಟೈಪ್‌ರೈಟರ್, ಕಂಪ್ಯೂಟರ್ ಅಲ್ಲ. ಸಾಲು ಮುಗಿಯಲು ಬಂದಾಗ 'ಟಿಣ್' ಎಂದು ಗಂಟೆ ಹೊಡೆಯುತ್ತದೆ, ಆಗ ಕ್ಯಾರೇಜನ್ನು ಕೈಯಿಂದ ತಳ್ಳಿ ಹೊಸ ಸಾಲಿಗೆ ಬರಬೇಕು. ಇಷ್ಟೆಲ್ಲ ಬೇರೆ ಕಡೆಯೂ ಇತ್ತು. ಬೇರೆಲ್ಲೂ ಇರದಿದ್ದದ್ದು ಮೇಡಂ ಅವರ ಮೇಜಿನ ಪಕ್ಕದ ರೆಕಾರ್ಡ್ ಪ್ಲೇಯರ್. ನಾವು ಟೈಪ್ ಕಲಿತದ್ದು ಜಾಜ್ ಸಂಗೀತಕ್ಕೆ. ನಗಬೇಡಿ, ನಾನು ಸತ್ಯ ಹೇಳುತ್ತಿದ್ದೇನೆ.

ಮೇಡಂ ಮೊದಲು ಸಂಡೂರಿನ ಒಂದು ಗಣಿ ಕಚೇರಿಯಲ್ಲಿ ಸ್ಟೆನೋ ಆಗಿದ್ದರು. ಅಲ್ಲಿಗೆ ಅದಿರು ಪರೀಕ್ಷೆ ಮಾಡಲು ಬಂದಿದ್ದ ವಿದೇಶಿ ಎಂಜಿನಿಯರ್ ಒಬ್ಬರು ಪತ್ರ ಹೇಳಿ ಬರೆಸುವಾಗ ಬಂಗಲೆಯ ವರಾಂಡದಲ್ಲಿ ರೆಕಾರ್ಡು ಹಾಕಿಕೊಂಡೇ ಹೇಳುತ್ತಿದ್ದರಂತೆ. ಮೊದಮೊದಲು ಇವರಿಗೆ ತಲೆನೋವು. ಆಮೇಲೆ ಪೆನ್ಸಿಲ್ಲು ತಾನಾಗಿ ಅದರ ಜೊತೆ ಹೆಜ್ಜೆ ಹಾಕತೊಡಗಿತಂತೆ. ಆತ ತನ್ನ ಊರಿಗೆ ಮರಳುವಾಗ ಪ್ಲೇಯರ್ ಮತ್ತು ಆರು ರೆಕಾರ್ಡು ಇವರಿಗೇ ಕೊಟ್ಟರು. ಹೊಸದಾಗಿ ಕೇಳುವವರು ಯಾವುದರಿಂದ ಶುರು ಮಾಡಬೇಕು, ಆಮೇಲೆ ಯಾವುದು ಎಂದು ಪ್ರತಿ ರೆಕಾರ್ಡಿನ ರಟ್ಟಿನ ಕವರಿನ ಮೂಲೆಯಲ್ಲಿ ಪೆನ್ಸಿಲ್ಲಿನಿಂದ ಒಂದರಿಂದ ಆರರವರೆಗೆ ನಂಬರು ಬರೆದಿದ್ದರು. "ಮನುಷ್ಯ ನಮ್ಮ ಮಣ್ಣು ನೋಡಾಕ ಬಂದಿದ್ದ, ನನಗ ಕಿವಿ ಕೊಟ್ಟು ಹೋದ" ಎಂದು ಮೇಡಂ ಹೇಳುತ್ತಿದ್ದರು. ಗಣಿ ಕಚೇರಿ ಮುಚ್ಚಿದ ಮೇಲೆ ಹೊಸಪೇಟೆಗೆ ಬಂದು ಇನ್‌ಸ್ಟಿಟ್ಯೂಟ್ ತೆರೆದರು.

ಟೈಪಿಂಗಿಗೂ ಜಾಜಿಗೂ ಎಲ್ಲಿಂದೆಲ್ಲಿಯ ನಂಟು? ಮೇಡಂ ನಮ್ಮ ಹಾಳೆಯನ್ನು ಮುಂಭಾಗದಿಂದ ನೋಡುತ್ತಲೇ ಇರಲಿಲ್ಲ. ತಿರುವಿ, ಹಿಂಭಾಗದ ಮೇಲೆ ಹೆಬ್ಬೆರಳಾಡಿಸಿ, ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದರು. ಒಂದು ಅಕ್ಷರ ಗಾಢ, ಒಂದು ತೆಳು, ಫುಲ್‌ಸ್ಟಾಪ್ ಇದ್ದಲ್ಲೆಲ್ಲ ತೂತು. "ಇದೇನು ಪತ್ರಾನೋ ಜರಡಿನೋ?" ಎಂದು ನನ್ನ ಹಾಳೆ ಹಿಡಿದು ಇಡೀ ಕ್ಲಾಸಿಗೆ ತೋರಿಸಿದ್ದು ನೆನಪಿದೆ. ಬೆರಳು ಒಂದೇ ಭಾರದಲ್ಲಿ, ಒಂದೇ ನಡಿಗೆಯಲ್ಲಿ ಬೀಳಬೇಕಾದರೆ ಒಳಗೊಂದು ತಾಳ ಬೇಕು. ಆ ತಾಳಕ್ಕಾಗಿ ರೆಕಾರ್ಡು.

ಒಂದನೆಯ ನಂಬರಿನದು ಪಿಯಾನೋ, ಮೂರು ಏಟಿನ ನಿಧಾನ ನಡೆ. ಹಿಂದೆ ಡ್ರಮ್ಮಿನವನು ಕೋಲು ಬಿಟ್ಟು ಕುಂಚದಂಥದ್ದರಲ್ಲಿ ಸವರುತ್ತಾನೆ; ಅಡುಗೆಮನೆಯಲ್ಲಿ ರವೆ ಜರಡಿ ಹಿಡಿದ ಸದ್ದು. ಎ ಎಸ್ ಡಿ ಎಫ್ ಜಿ ಎಫ್ ಎಂಬ ಆರು ಅಕ್ಷರದ ಮೊದಲ ಪಾಠ ಅದರ ಎರಡು ಸುತ್ತಿಗೆ ಸರಿಯಾಗಿ ಕೂರುತ್ತಿತ್ತು. ಎರಡನೆಯದರಲ್ಲಿ ತುತ್ತೂರಿಯ ಬಾಯಿಗೆ ಮುಚ್ಚಳ ಹಾಕಿ ಊದುತ್ತಾರೆ, ಬಾಯಿಗೆ ಸೆರಗು ಅಡ್ಡ ಹಿಡಿದು ಗುಟ್ಟು ಹೇಳಿದಂತೆ. ಅದು ಬಿಡಿ ಪದಗಳ ಪಾಠಕ್ಕೆ. ಮೂರನೆಯದರಲ್ಲಿ ಒಬ್ಬ ಹೆಂಗಸು ಹಾಡುತ್ತಾಳೆ. ಅದನ್ನು ಹಾಕಿದ ದಿನ ಕಂಪ್ಲಿಯಿಂದ ಬರುತ್ತಿದ್ದ ನನ್ನ ಗೆಳತಿ ಸಕ್ಕರೆ ವ್ಯಾಪಾರದ ಪತ್ರದ ನಡುವೆ "ನನ್ನ ಪ್ರಿಯನೇ" ಎಂಬರ್ಥದ ಇಂಗ್ಲಿಷ್ ಸಾಲು ಹೊಡೆದುಬಿಟ್ಟಳು. ಅಲ್ಲಿಗೆ ಮೂರನೆಯದು ಟೀ ಹೊತ್ತಿಗೆ ಮಾತ್ರ ಎಂದು ಆದೇಶವಾಯಿತು. ನಾಲ್ಕನೆಯದರಲ್ಲಿ ಎರಡು ಸ್ಯಾಕ್ಸೋಫೋನು, ಓಣಿಯ ಈ ಬಾಗಿಲಿನಿಂದ ಆ ಬಾಗಿಲಿಗೆ ಮಾತಾಡಿದ ಹಾಗೆ. ಐದನೆಯದು ದೊಡ್ಡ ತಂಡ, ಸ್ಪೀಡ್ ಅಭ್ಯಾಸಕ್ಕೆ. ಆರನೆಯದು ಮಾತ್ರ ಹಾಕುತ್ತಿರಲಿಲ್ಲ. ಒಂದು ಸಲ ನಮ್ಮ ಕಾಟ ತಡೆಯದೆ ಒಂದು ಬದಿ ಕೇಳಿಸಿದರು. ಅಬ್ಬಾ! ಐವರು ವಾದ್ಯದವರೂ ಬೆನ್ನಿಗೆ ನಾಯಿ ಬಿದ್ದಂತೆ ಓಡುತ್ತಾರೆ, ಆದರೂ ಒಬ್ಬನೂ ಎಡವುವುದಿಲ್ಲ. "ಇದಕ್ಕ ಟೈಪ್ ಮಾಡಾಕ ಹೋಗಬ್ಯಾಡ್ರಿ, ಬೆರಳು ಮುರೀತಾವ" ಎಂದು ಎತ್ತಿಟ್ಟರು.

ಮೇಡಂ ಅವರ ಕ್ಲಾಸಿನಲ್ಲಿ ನಮ್ಮ ಸ್ಪೀಡ್ ಹೇಗೆ ಏರಿತೆಂದರೆ ಬೇರೆ ಇನ್‌ಸ್ಟಿಟ್ಯೂಟಿನವರು ಮೆಟ್ಟಿಲ ಬಳಿ ಬಂದು ಕಿವಿಗೊಟ್ಟು ಹೋಗುತ್ತಿದ್ದರು. ನಮಗಂತೂ ಕೊಬ್ಬು. ಕೆಲವೊಮ್ಮೆ ನಡುವೆ ಕರೆಂಟ್ ಹೋಗುತ್ತಿತ್ತು. ರೆಕಾರ್ಡು ಮುಲುಗುತ್ತಾ ನಿಂತರೆ ಹನ್ನೆರಡು ಮೆಷಿನ್ನಿನ ಮುಂದಿದ್ದ ನಮ್ಮೆಲ್ಲರ ಕೈಯೂ ಅದರ ಜೊತೆಗೇ ನಿಲ್ಲುತ್ತಿತ್ತು. ಕರೆಂಟಿನಿಂದ ನಡೆಯುವ ಹುಡುಗೀರು ನಾವು ಎಂದು ಬಿದ್ದು ಬಿದ್ದು ನಗುತ್ತಿದ್ದೆವು, ಮೇಡಂ ಕೂಡ ನಗುತ್ತಿದ್ದರು. ಅದರಲ್ಲಿ ನಗುವಂಥದ್ದು ಏನೂ ಇಲ್ಲ ಎಂದು ಆಗ ಒಬ್ಬರಿಗೂ ಹೊಳೆಯಲಿಲ್ಲ.

ಬಳ್ಳಾರಿಯಲ್ಲಿ ಪರೀಕ್ಷೆ. ದೊಡ್ಡ ಹಾಲ್, ನೂರಾರು ಮೆಷಿನ್, ಒಂದೊಂದು ಊರಿನವರದು ಒಂದೊಂದು ಓಟ. ತಗಡಿನ ಮೇಲೆ ಆಲಿಕಲ್ಲು ಬಿದ್ದ ಹಾಗೆ ಸದ್ದು. ನಾನು ಮೂರು ಸಾಲು ಹೊಡೆದೆ. ನಾಲ್ಕನೆಯ ಸಾಲಿಗೆ ಬೆರಳು ರೆಕಾರ್ಡು ಹುಡುಕಿತು. ಎಲ್ಲಿದೆ ರೆಕಾರ್ಡು? ಪಕ್ಕದವಳ ಏಟು ನನ್ನ ಕೈಗೆ ಹತ್ತಿತು, ಹಿಂದಿನವನ ಗಂಟೆಗೆ ನಾನು ಕ್ಯಾರೇಜ್ ತಳ್ಳಿದೆ. ಫಲಿತಾಂಶ ಬಂದಾಗ ನಮ್ಮ ಎರಡೂ ಬ್ಯಾಚಿನ ಇಪ್ಪತ್ತು ಜನರಲ್ಲಿ ಒಬ್ಬರೂ ಪಾಸಾಗಿರಲಿಲ್ಲ. ಒಬ್ಬರೂ ಅಂದರೆ ಒಬ್ಬರೂ ಇಲ್ಲ.

ಬಜಾರಿನ ಬಾಯಿ ಗೊತ್ತಲ್ಲ. "ಹಾಡು ಹಾಕಿ ಹುಡುಗ್ಯಾರನ್ನ ಕುಣಿಸಿದ್ರ ಇನ್ನೇನಾಗ್ತತಿ" ಎಂದರು. ಹದಿನಾಲ್ಕು ಜನ ಬಿಟ್ಟು ಹೋದರು. ಒಂದು ಸಂಜೆ ಪಾತ್ರೆ ಅಂಗಡಿಯ ಸಾವಕಾರರು, ಮಳಿಗೆಯೂ ಅವರದೇ, ಮೆಟ್ಟಿಲು ಹತ್ತಿ ಬಂದರು. ಮನುಷ್ಯ ಕೆಟ್ಟವರಲ್ಲ, ಆದರೆ ತಾಮ್ರದ ಕೊಡ ಕುಟ್ಟಿದ ಹಾಗೆ ಮಾತು.

"ಮೇಡಮ್ಮಾರೇ, ಕೆಳಗ ಗಿರಾಕಿ ನಗ್ತಾರ್ರಿ. ಆ ಪೊಂಪೊಂ ಪೆಟ್ಟಿಗಿ ಬಂದ್ ಮಾಡ್ರಿ, ಇಲ್ಲಾಂದ್ರ ಮಳಿಗಿ ಖಾಲಿ ಮಾಡ್ರಿ."

ಮೇಡಂ ಕುರ್ಚಿಯಿಂದ ಏಳಲಿಲ್ಲ. "ಸಾವಕಾರ್ರೇ, ಇನ್ನೊಂದು ಪರೀಕ್ಷಾ ಮಟ ತಡೀರಿ. ಇಲ್ಲಿ ಆರು ಮಂದಿ ಉಳದಾರ. ಇವರಾಗ ಒಬ್ಬಾಕಿ ಫೇಲಾದ್ರೂ ಮಳಿಗಿ ಬಿಡ್ತೀನಿ, ಪೆಟ್ಟಿಗಿ ರೆಕಾರ್ಡು ಎಲ್ಲಾ ನಿಮ್ಮ ಅಂಗಡಿ ಗುಜರಿಗೆ ಹಾಕ್ತೀನಿ. ಆರಕ್ಕ ಆರೂ ಪಾಸಾದ್ರ, ನೀವು ಇಲ್ಲಿ ಬಂದು ಬಾಯಿ ಮುಚ್ಕೊಂಡು ಒಂದು ರೆಕಾರ್ಡು ಪೂರ್ತಿ ಕೇಳಬೇಕು."

"ಆತು ತಗೀರಿ" ಎಂದು ಸಾವಕಾರರು ಇಳಿದು ಹೋದರು. ನಾವು ಆರು ಜನ ಒಬ್ಬರ ಮುಖ ಒಬ್ಬರು ನೋಡಿದೆವು. ಇಪ್ಪತ್ತಕ್ಕೆ ಸೊನ್ನೆ ತಂದವರು ಆರಕ್ಕೆ ಆರು ತರಬೇಕು! ನನಗೆ ಸಿಟ್ಟೇ ಬಂತು. "ನಮ್ಮನ್ನ ಕೇಳಲಾರದ ನಮ್ಮ ಮ್ಯಾಲೆ ಪಂದ್ಯ ಕಟ್ಟಿದ್ರಲ್ರೀ ಮೇಡಂ" ಎಂದು ಜಗಳಕ್ಕೇ ನಿಂತೆ. ಮೇಡಂ ನನ್ನ ಮುಖವನ್ನೇ ನೋಡಿದರು. "ತಪ್ಪು ನಂದಲೇ. ನಾನು ನಿಮಗ ಊರುಗೋಲು ಕೊಟ್ಟೆ, ನಡಿಗಿ ಕೊಡಲಿಲ್ಲ. ಅದನ್ನ ನಾನೇ ಸರಿ ಮಾಡ್ತೀನಿ" ಎಂದರು. ಅಷ್ಟು ದೊಡ್ಡವರು ತಪ್ಪು ನಂದು ಎಂದಮೇಲೆ ಜಗಳ ಆಡುವುದಾದರೂ ಹೇಗೆ, ಮೆಷಿನ್ನಿಗೆ ಹೊಸ ಹಾಳೆ ಏರಿಸಿದೆ.

ಮರುದಿನ ನಾಲ್ಕನೆಯ ರೆಕಾರ್ಡು ಹಾಕಿದರು. ಒಂದು ಸ್ಯಾಕ್ಸೋಫೋನು ಊದುತ್ತಿದ್ದಾಗ ಕೈಯೆತ್ತಿ ಕೇಳಿದರು, "ಈಗ ಇನ್ನೊಬ್ಬಾಂವ ಎಲ್ಲಿ ಹೋದ?"

"ಸುಮ್ನ ನಿಂತಾನ್ರಿ" ಎಂದಳು ಕಂಪ್ಲಿಯ ಗೆಳತಿ.

"ಸುಮ್ನ ನಿಂತಿದ್ರ ತಿರುಗಿ ಬರುವಾಗ ಸರಿಯಾದ ಜಾಗಕ್ಕ ಹೆಂಗ ಬರ್ತಾನ? ನೋಡು, ಈಗ ಬರ್ತಾನ." ಬಂದ, ಕೂದಲೆಳೆಯಷ್ಟೂ ಆಚೀಚೆ ಆಗದಂತೆ. "ಆಂವ ಎಲ್ಲೂ ಹೋಗಿರಲಿಲ್ಲ. ಒಳಗ ನಡೆಸಿದ್ದ. ಕೇಳೋದು ಅಂದ್ರ ಊದೋನನ್ನ ಅಷ್ಟ ಅಲ್ಲ, ಊದಲಾರದೋನನ್ನೂ ಕೇಳಬೇಕು."

ಇವತ್ತಿಗೂ ಜಾಜ್ ಬಗ್ಗೆ ನನಗೆ ಗೊತ್ತಿರುವ ದೊಡ್ಡ ಸಂಗತಿ ಅದೊಂದೇ. ಅವತ್ತಿನಿಂದ ಹೊಸ ಅಭ್ಯಾಸ ಶುರುವಾಯಿತು. ರೆಕಾರ್ಡು ಸುತ್ತುತ್ತಿರುವಾಗಲೇ ಮೇಡಂ ಸದ್ದು ಪೂರ್ತಿ ಇಳಿಸುವರು. ನಾವು ನಿಲ್ಲದೆ ಹೊಡೆಯಬೇಕು. ಸ್ವಲ್ಪ ಹೊತ್ತಿನ ಮೇಲೆ ತಟ್ಟನೆ ಏರಿಸುವರು. ಯಾರ ಬೆರಳು ರೆಕಾರ್ಡಿನ ಜೊತೆಗೇ ಇದೆಯೋ ಅವರಿಗೆ ಬಹುಮಾನ ಒಂದು ಬಿಸಿ ಮಿರ್ಚಿ ಭಜಿ. ಮೊದಲ ವಾರ ಎಲ್ಲ ಮಿರ್ಚಿಯನ್ನೂ ಮೇಡಂ ಒಬ್ಬರೇ ನಮ್ಮೆದುರು ಸಪ್ಪಳ ಮಾಡಿಕೊಂಡು ತಿಂದರು. ಹೊಟ್ಟೆ ಉರಿಯಿತು ನಮಗೆ. ಮೂರನೆಯ ವಾರಕ್ಕೆ ಗೆಳತಿ ಒಂದು ಗೆದ್ದಳು, ನಾನು ಒಂದು. ಆಮೇಲೆ ಮೇಡಂ ಅವರ ಪಾಲಿಗೆ ಭಜಿ ಜೊತೆ ಕೊಡುವ ಹಸಿಮೆಣಸಿನಕಾಯಿ ಮಾತ್ರ ಉಳಿಯಿತು.

ಆದರೆ ಬಳ್ಳಾರಿ ಹಾಲಿನ ಗದ್ದಲ? ಅದಕ್ಕೂ ಮೇಡಂ ಉಪಾಯ ಹುಡುಕಿದರು. ಗೆಳತಿಯ ಅಪ್ಪನಿಗೆ ಕಂಪ್ಲಿಯಲ್ಲಿ ಅಕ್ಕಿ ಗಿರಣಿ. ಸುಗ್ಗಿಯ ಕಾಲ, ಗಿರಣಿ ಹಗಲೆಲ್ಲ ನಡೆಯುತ್ತಿತ್ತು. ಆರು ಮೆಷಿನ್ನುಗಳನ್ನು ಟೆಂಪೋದಲ್ಲಿ ಹುಲ್ಲಿನ ಮೇಲಿಟ್ಟು ಕಂಪ್ಲಿಗೆ ಒಯ್ದೆವು. ಭತ್ತದ ಚೀಲಗಳನ್ನೇ ಮೇಜು ಮಾಡಿಕೊಂಡೆವು. ಬೆಲ್ಟು ಬಡಿಯುತ್ತದೆ, ಜರಡಿ ಅಲುಗುತ್ತದೆ, ತೌಡಿನ ಧೂಳು ಮೂಗಿಗೆ. ನಾನು ಹೊಡೆಯುವ ಅಕ್ಷರ ನನಗೇ ಕೇಳುವುದಿಲ್ಲ. ಹಮಾಲರು ಚೀಲ ಇಳಿಸಿ ಸೊಂಟದ ಮೇಲೆ ಕೈಯಿಟ್ಟು ನೋಡಿದರು. "ಏನ್ರವ್ವಾ, ಅಕ್ಕಿಗೆ ಅರ್ಜಿ ಬರಿಯಾಕತ್ತೀರೇನು?" ಎಂದು ಒಬ್ಬರು ಕೇಳಿದರು.

ಮೇಡಂ ಕೈಕಟ್ಟಿ ನಮ್ಮ ಎದುರು ನಿಂತರು. "ಎರಡನೇದು. ಒಳಗ ಹಾಕ್ಕೋರಿ. ನಡೀರಿ" ಎಂದು ಕೂಗಿದರು. ಐದು ಭಾನುವಾರ ಹೀಗೆ ಹೋದೆವು. ಐದನೆಯ ಭಾನುವಾರ ಆರು ಜನರ ಕೈ ಒಟ್ಟಿಗೆ ಎದ್ದು ಒಟ್ಟಿಗೆ ಕ್ಯಾರೇಜ್ ತಳ್ಳಿದವು. ಮತ್ತೆ ತಳ್ಳಿದವು. ಹಮಾಲರು ಗೌಡರ ಮನೆ ಮದುವೆಯ ಬ್ಯಾಂಡು ನೋಡಿದಂತೆ ಚಪ್ಪಾಳೆ ಹೊಡೆದರು. ಮೇಡಂ ಅವರ ಮುಖವೆಲ್ಲ ತೌಡು, ಹಲ್ಲು ಮಾತ್ರ ಕಾಣುತ್ತಿತ್ತು.

ಮತ್ತೆ ಬಳ್ಳಾರಿ, ಅದೇ ಹಾಲ್. ನಮ್ಮ ಆರು ಜನರ ನಂಬರು ಚೆಲ್ಲಾಪಿಲ್ಲಿ ಬಿದ್ದಿತ್ತು, ಒಬ್ಬಳು ಬಾಗಿಲ ಹತ್ತಿರ, ಒಬ್ಬಳು ಕೊನೆಯ ಸಾಲಿನಲ್ಲಿ. ಗಂಟೆ ಆಯಿತು, ಶುರು. ನಾನು ಎರಡನೆಯ ರೆಕಾರ್ಡನ್ನು ತಲೆಯೊಳಗಿಟ್ಟು ಬೆರಳು ಬಿಟ್ಟೆ. ಸಾಲಿನ ಕೊನೆಗೆ ಟಿಣ್ ಎಂದಾಗ, ಆ ಗದ್ದಲದಲ್ಲೂ ನನಗೆ ಕೇಳಿತು: ಹಾಲಿನ ಆರು ಕಡೆಯಿಂದ ಅದೇ ಗಳಿಗೆಗೆ ಆರು ಗಂಟೆ. ಇನ್ನೊಂದು ಸಾಲು, ಮತ್ತೆ ಆರೂ ಒಟ್ಟಿಗೆ.

ನನಗೆ ಕೇಳಿದ್ದು ಮೇಲ್ವಿಚಾರಕರಿಗೂ ಕೇಳಿತ್ತು. ಕಿವಿಯಲ್ಲಿ ಏನೋ ಸಿಕ್ಕಿಸಿಕೊಂಡು ಯಾರದೋ ಸುಳಿವಿಗೆ ಹೊಡೆಯುತ್ತಿದ್ದೇವೆ ಎಂದು ಅವರಿಗೆ ಅನುಮಾನ. ಓಡಾಡಿದರು, ಬಗ್ಗಿ ನೋಡಿದರು, ಕೊನೆಗೆ ನನ್ನ ಬಳಿ ಬಂದು ನಿಂತರು. "ನಿಲ್ಸಮ್ಮ. ಕೂದ್ಲು ಹಿಂದಕ್ಕೆ ಸರಿಸು. ಕಿವಿ ತೋರ್ಸು."

"ಕಿವ್ಯಾಗ ಏನಿಲ್ರೀ ಸರ್."

"ತೋರ್ಸು ಅಂದ್ರೆ ತೋರ್ಸು. ಇನ್ನೊಂದು ಕಿವಿ." ಮೇಜಿನ ಕೆಳಗೆ ನೋಡಿದರು, ಮೆಷಿನ್ ಎತ್ತಿಸಿ ನೋಡಿದರು. ಅಷ್ಟರಲ್ಲಿ ಉಳಿದ ಐದು ಗಂಟೆ ಮೂರು ಸಲ ಹೊಡೆದವು, ನನ್ನದಿಲ್ಲದೆ. ಅಯ್ಯೋ ದೇವರೇ, ಮೂರು ಸಾಲು ಹಿಂದೆ ಬಿದ್ದೆ. ಉಳಿದ ಐವರು ಪಾಸಾಗಿ ನಾನೊಬ್ಬಳು ಫೇಲಾದರೂ ಮೇಡಂ ಅವರ ಮಳಿಗೆ ಹೋಯಿತು, ರೆಕಾರ್ಡು ಗುಜರಿಗೆ ಬಿತ್ತು. ಕಣ್ಣಲ್ಲಿ ನೀರು ಬಂತು, ಹಾಳೆ ಮಸುಕಾಯಿತು. ಮೇಲ್ವಿಚಾರಕರು "ಹ್ಞೂಂ, ಮಾಡು" ಎಂದು ಹೋದರು.

ಎರಡನೆಯ ರೆಕಾರ್ಡಿನಲ್ಲಿ ನಡೆದರೆ ಆ ಮೂರು ಸಾಲು ಜನ್ಮದಲ್ಲಿ ಸಿಗುವುದಿಲ್ಲ. ನಾನು ಅದನ್ನು ಎತ್ತಿಟ್ಟು ಆರನೆಯದನ್ನು ಹಾಕಿದೆ. ಒಂದೇ ಒಂದು ಸಲ ಕೇಳಿದ್ದು, ಬೆರಳು ಮುರಿಯುತ್ತದೆ ಎಂದು ಮೇಡಂ ಬೇಡವೆಂದದ್ದು. ಮುರಿದರೆ ಮುರಿಯಲಿ ಅಂದೆ. ಬೆರಳು ಓಡಿದವು. ನಾನು ಓಡಿಸಲಿಲ್ಲ, ಅವೇ ಓಡಿದವು. ಒಂದು ಸಾಲು ಸಿಕ್ಕಿತು. ಎರಡು ಸಿಕ್ಕವು. ಎಡಗಿರುಬೆರಳು ಉರಿಯುತ್ತಿತ್ತು, ಉರಿಯಲಿ. ಕೊನೆಯ ಪ್ಯಾರಾದ ನಡುವೆ ಒಂದು ಟಿಣ್, ಆ ಐದರ ಜೊತೆಗೇ ನನ್ನದೂ! ಅಲ್ಲಿಂದ ಮತ್ತೆ ಎರಡನೆಯದಕ್ಕೆ ಇಳಿದೆ. ಕೊನೆಯ ಫುಲ್‌ಸ್ಟಾಪನ್ನು ಆರು ಜನ ಒಂದೇ ಏಟಿಗೆ ಹೊಡೆದೆವು. ನನ್ನ ಹಾಳೆ ತಿರುವಿ ನೋಡಿದೆ, ಎಲ್ಲೂ ತೂತಿರಲಿಲ್ಲ.

ಆರಕ್ಕೆ ಆರು! ಫಲಿತಾಂಶದ ದಿನ ನಂಬರುಗಳನ್ನು ಎರಡೆರಡು ಸಲ ನೋಡಿ, ಬಜಾರಿನಲ್ಲಿ ಕೂಗುತ್ತಾ ಓಡಿಬಂದೆವು. ನನಗೆ ಆ ಪಾಸಿನ ಮೇಲೆ ಸಂಡೂರಿನ ಕೋರ್ಟಿನಲ್ಲಿ ಟೈಪಿಸ್ಟ್ ಕೆಲಸ ಸಿಕ್ಕಿತು, ಈಗ ಹೊಸಪೇಟೆಯ ಕೋರ್ಟಿನಲ್ಲೇ ಇದ್ದೇನೆ. ಮೇಡಂ ಆಮೇಲೆ ಎಷ್ಟೋ ವರ್ಷ ಇನ್‌ಸ್ಟಿಟ್ಯೂಟ್ ನಡೆಸಿದರು. ಕಂಪ್ಯೂಟರ್ ಬಂದಮೇಲೂ ರೆಕಾರ್ಡು ನಿಲ್ಲಲಿಲ್ಲ. ಹೋದ ವರ್ಷ ತೀರಿಕೊಂಡರು. ಕೋರ್ಟಿನ ಕ್ಯಾಂಟೀನಿನಲ್ಲಿ ಹುಡುಗ ವಕೀಲರು ಫೋನ್ ಹಿಡಿದು "ಅಕ್ಕಾ, ಜಾಜ್ ಕೇಳಬೇಕು, ಎಲ್ಲಿಂದ ಶುರು ಮಾಡ್ಲಿ?" ಎಂದು ಕೇಳುತ್ತಾರೆ. ನಾನು ಮೇಡಂ ಅವರ ಸಾಲನ್ನೇ ಹೇಳುತ್ತೇನೆ: ಮೊದಲು ನಿಧಾನದ ಪಿಯಾನೋ, ಆಮೇಲೆ ಮುಚ್ಚಳ ಹಾಕಿದ ತುತ್ತೂರಿ, ಆಮೇಲೆ ಹಾಡುವ ಹೆಂಗಸು, ಮಾತಾಡುವ ಎರಡು ಸ್ಯಾಕ್ಸೋಫೋನು, ದೊಡ್ಡ ತಂಡ. ಓಡುವುದನ್ನು ಕೊನೆಗೆ ಇಡಿ. ಓಡುವುದರಿಂದ ಶುರು ಮಾಡಿದ ಒಬ್ಬ ಮೂರೇ ದಿನಕ್ಕೆ ಬಿಟ್ಟ, ಹಾಗೇ ಆಗಬೇಕು ಅವನಿಗೆ.

ಫಲಿತಾಂಶದ ಆ ಮಧ್ಯಾಹ್ನ ಸಾವಕಾರರು ಮಾತಿಗೆ ತಪ್ಪದೆ ಮೇಲೆ ಬಂದರು, ಪೇಡೆಯ ಪೊಟ್ಟಣ ಹಿಡಿದುಕೊಂಡು. ನಾವು ಎಂದಿನಂತೆ ಮೆಷಿನ್ನಿನ ಮುಂದೆ ಕೂತೆವು. ಮೇಡಂ ಒಂದನೆಯ ರೆಕಾರ್ಡು ತೆಗೆದರು.

"ಮಷೀನಿಗೆ ಕವರ್ ಹಾಕ್ರಿ. ಇವತ್ತು ಟೈಪ್ ಬ್ಯಾಡ. ಕೈ ಕಟ್ಟಿ ಕುಂದ್ರಿ. ಬರೇ ಕೇಳ್ರಿ."

ಮುಳ್ಳು ಇಳಿಯಿತು. ಅರೆ, ಇದು ಯಾವ ರೆಕಾರ್ಡು? ನೂರಾರು ಸಲ ಕೇಳಿದ್ದೇನೆ ಅಂದುಕೊಂಡಿದ್ದೆ. ಹನ್ನೆರಡು ಮೆಷಿನ್ನಿನ ಕಟಕಟದ ಅಡಿಯಲ್ಲಿ ನಾನು ಕೇಳಿದ್ದು ಏಟನ್ನು ಮಾತ್ರ. ಈಗ ಪಿಯಾನೋದವನು ತನ್ನ ಸ್ವರದ ಜೊತೆ ಮೆಲ್ಲಗೆ ಗುನುಗುವುದು ಕೇಳಿತು. ಯಾರೋ ಕಾಲಲ್ಲಿ ನೆಲ ತಟ್ಟುವುದು ಕೇಳಿತು. ಅಡಿಯಲ್ಲಿ ದಪ್ಪ ತಂತಿಯ ವಾದ್ಯವೊಂದು ಉದ್ದಕ್ಕೂ ನಡೆಯುತ್ತಿತ್ತು, ಅಂಥದ್ದೊಂದು ಇದೆ ಎಂದೇ ನಮಗೆ ಗೊತ್ತಿರಲಿಲ್ಲ. ಗೆಳತಿ ನನ್ನ ಕೈ ಹಿಡಿದಳು. ಸಾವಕಾರರು ಪೇಡೆಯ ಪೊಟ್ಟಣ ಬಿಚ್ಚುವುದನ್ನೂ ಮರೆತು, "ಇಷ್ಟ್ ಚಂದ ಐತೇನ್ರಿ ಇದು, ಮೇಡಮ್ಮಾರೇ?" ಎಂದು ಪಿಸುಗುಟ್ಟಿದರು.

"ಹ್ಞೂಂನ್ರಿ, ಸಾವಕಾರ್ರೇ. ನನಗೂ ಮರೆತು ಹೋಗಿತ್ತು" ಎಂದರು ಮೇಡಂ. "ಈ ಇನ್‌ಸ್ಟಿಟ್ಯೂಟ್ ತೆರೆದ ದಿನದಿಂದ ನಾನೂ ಇದನ್ನ ಸುಮ್ನ ಕುಂತು ಕೇಳಿಲ್ಲ."

ತನಗೆ ಅಷ್ಟು ಪ್ರೀತಿಯ ಸಂಗೀತವನ್ನು ಈ ಹೆಂಗಸು ಇಷ್ಟು ವರ್ಷ ನಮ್ಮ ಬೆರಳುಗಳಿಗೆ ಸುರಿದುಬಿಟ್ಟಿದ್ದರು, ತನ್ನ ಕಿವಿಗೆ ಒಂದು ತೊಟ್ಟೂ ಇಟ್ಟುಕೊಳ್ಳದೆ. ಅವರು ಮೊದಲ ಸಲ ಬೆನ್ನು ಪೂರ್ತಿ ಕುರ್ಚಿಗೆ ಆನಿಸಿ, ಕಣ್ಣು ಮುಚ್ಚಿ ಕೂತಿದ್ದರು. ಮುಖದಲ್ಲಿ ಗೆದ್ದವರ ನಗು. ಒಂದು ಬದಿ ಮುಗಿದು ಮುಳ್ಳು ಕರಕರ ಎನ್ನತೊಡಗಿತು. ಅಭ್ಯಾಸಬಲದಿಂದ ಮೇಡಂ ಏಳಹೋದರು. "ನೀವು ಕುಂದ್ರಿ, ಮೇಡಂ" ಎಂದೆ. ನಾನು ಎದ್ದು ಹೋಗಿ ರೆಕಾರ್ಡನ್ನು ತಿರುವಿ ಹಾಕಿದೆ.